ಕಡಲು ಹೇಳಿದ ಹೊತ್ತಿಗೆ

ತಮ್ಮ: ಅಂಡಮಾನಿನ ಸ್ವರಾಜ್ ದ್ವೀಪಕ್ಕೆ ಮೂರು ಸ್ನೇಹಿತರ ಸಂಸಾರಗಳು ಒಟ್ಟಿಗೆ ಹೊರಟಿವೆ ಅಕ್ಕ. ದೊಡ್ಡವರು ಆರು ಮಂದಿ, ಮಕ್ಕಳು ಐವರು, ಜೊತೆಗೆ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಕೈಯಲ್ಲಿರುವುದು ಏಳು ದಿನ. ಇಂಥ ಗುಂಪು ಮೊದಲು ಅರಿತುಕೊಳ್ಳಬೇಕಾದದ್ದು ಯಾವುದು?

ಅಕ್ಕ: ಅಲ್ಲಿನ ಹೊತ್ತು. ಭೂಪಟದಲ್ಲಿ ಬೆಂಗಳೂರಿನಿಂದ ನೇರ ಪೂರ್ವಕ್ಕೊಂದು ಗೆರೆ ಎಳೆದರೆ ಅದು ಚೆನ್ನೈಯನ್ನು ಸವರಿಕೊಂಡು, ಬಂಗಾಳ ಕೊಲ್ಲಿಯನ್ನು ದಾಟಿ ಅಂಡಮಾನಿನ ಮೇಲೆಯೇ ಹಾಯುತ್ತದೆ. ಅಕ್ಷಾಂಶ ಹೆಚ್ಚುಕಡಿಮೆ ಒಂದೇ. ರೇಖಾಂಶದಲ್ಲಿ ಮಾತ್ರ ಹದಿನೈದು ಡಿಗ್ರಿ ಅಂತರ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಸೂರ್ಯ ಅಲ್ಲಿ ಬೆಂಗಳೂರಿಗಿಂತ ಒಂದು ಗಂಟೆ ಮೊದಲು ಹುಟ್ಟುತ್ತಾನೆ, ಒಂದು ಗಂಟೆ ಮೊದಲು ಮುಳುಗುತ್ತಾನೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಡಿಸೆಂಬರಿನಲ್ಲಿ ಬೆಳಗಿನ ಐದೂವರೆಗೆ ಬಿಸಿಲು ಬಂದಿರುತ್ತದೆ, ಸಂಜೆ ಐದಕ್ಕೆ ಸೂರ್ಯ ಕಡಲಿಗೆ ಇಳಿದಿರುತ್ತಾನೆ. ರಜೆಯೆಂದು ಎಂಟಕ್ಕೆ ಎದ್ದು, ಹತ್ತಕ್ಕೆ ತಿಂಡಿ ಮುಗಿಸಿ, ಹನ್ನೊಂದಕ್ಕೆ ಹೊರಡುವ ಗುಂಪಿಗೆ ಹಗಲಿನ ಅರ್ಧಭಾಗ ಆಗಲೇ ಕಳೆದಿರುತ್ತದೆ. ಉಳಿಯುವುದು ನಡುಹಗಲಿನ ಸುಡುಬಿಸಿಲು.

ತಮ್ಮ: ಹಾಗಾದರೆ ಹೋಗುವ ತಿಂಗಳ ಮಾತೂ ಇದೆಯಲ್ಲ?

ಅಕ್ಕ: ಇದೆ. ಸೆಕೆಯಲ್ಲಿ ಅಂಥ ಏರುಪೇರಿಲ್ಲ. ವರ್ಷವಿಡೀ 23ರಿಂದ 31 ಡಿಗ್ರಿಯ ಒಳಗೇ ಸುಳಿದಾಡುತ್ತದೆ. ನೋಡಬೇಕಾದದ್ದು ಮಳೆಯನ್ನು, ಗಾಳಿಯನ್ನು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ, ಅದರ ಬೆನ್ನಿಗೇ ಡಿಸೆಂಬರ್‌ವರೆಗೆ ಈಶಾನ್ಯ ಮಾರುತ. ಎರಡೂ ಸೇರಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಸುತ್ತವೆ. ಕಡಲು ತಿಳಿಯಾಗಿ, ನೀರಿನಡಿಯ ಹವಳ ಕಣ್ಣಿಗೆ ಕಾಣುವುದು ಜನವರಿಯಿಂದ ಏಪ್ರಿಲ್‌ವರೆಗೆ. ಡಿಸೆಂಬರ್ ಕೊನೆಯ ವಾರ ಮಕ್ಕಳ ರಜೆಯೆಂದು ಎಲ್ಲರೂ ಹೋಗುತ್ತಾರೆ. ಹೋಗಬಾರದೆಂದಲ್ಲ, ಆದರೆ 2016ರ ಡಿಸೆಂಬರ್ ನೆನಪಿನಲ್ಲಿರಬೇಕು. ಆ ತಿಂಗಳ ಮೊದಲ ವಾರ ವಾಯುಭಾರ ಕುಸಿದು ಗಾಳಿಮಳೆ ಎದ್ದಿತು. ಬೋಟುಗಳೆಲ್ಲ ನಿಂತವು. ಸ್ವರಾಜ್ ದ್ವೀಪ, ಶಹೀದ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ನೌಕಾಪಡೆ, ಕರಾವಳಿ ಕಾವಲು ಪಡೆಯ ಹಡಗುಗಳು ಬಂದು ಅವರನ್ನು ಕರೆತರಬೇಕಾಯಿತು.

ತಮ್ಮ: ಅಂದರೆ ಏಳು ದಿನಕ್ಕೆ ಏಳು ದಿನದ ಕಾರ್ಯಕ್ರಮ ಹಾಕುವ ಹಾಗಿಲ್ಲ.

ಅಕ್ಕ: ಹಾಕಬಾರದು. ವಿಮಾನ ಹಿಡಿಯುವ ಹಿಂದಿನ ದಿನವೇ ಶ್ರೀ ವಿಜಯಪುರಕ್ಕೆ ಮರಳಿರಬೇಕು. ಪೋರ್ಟ್ ಬ್ಲೇರ್ ಎಂದು ಎಲ್ಲರ ಬಾಯಲ್ಲಿರುವ ಊರಿಗೆ 2024ರ ಸೆಪ್ಟೆಂಬರ್‌ನಿಂದ ಇರುವ ಹೆಸರು ಇದು. ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾದದ್ದು, ನೀಲ್ ಶಹೀದ್ ದ್ವೀಪವಾದದ್ದು 2018ರ ಡಿಸೆಂಬರ್ 30ರಂದು. 1943ರ ಅದೇ ತಾರೀಖು ನೇತಾಜಿ ಸುಭಾಷರು ಪೋರ್ಟ್ ಬ್ಲೇರ್‌ನಲ್ಲಿ ಧ್ವಜ ಹಾರಿಸಿದ್ದರು. ಹ್ಯಾವ್‌ಲಾಕ್, ನೀಲ್ ಇಬ್ಬರೂ 1857ರ ಹೋರಾಟವನ್ನು ಹತ್ತಿಕ್ಕಿದ ಬ್ರಿಟಿಷ್ ಸೇನಾಧಿಕಾರಿಗಳು. ಟಿಕೆಟಿನಲ್ಲಿ, ಜೆಟ್ಟಿಯ ಫಲಕದಲ್ಲಿ, ಆಟೋದವರ ಮಾತಿನಲ್ಲಿ ಹಳೆಯದೂ ಹೊಸದೂ ಕಲಸಿಕೊಂಡಿರುವುದರಿಂದ ಗುಂಪಿನ ಎಲ್ಲರಿಗೂ ಎರಡೂ ಹೆಸರು ತಿಳಿದಿರಲಿ.

ತಮ್ಮ: ಬಂದಿಳಿದ ದಿನ ಸೆಲ್ಯುಲರ್ ಜೈಲು ನೋಡುವುದು ವಾಡಿಕೆ. ಚಿಕ್ಕ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ಸರಿಯೇ?

ಅಕ್ಕ: ಕರೆದೊಯ್ಯಬೇಕು. ಅಂಡಮಾನಿಗೆ ಹೋಗಿ ಅದನ್ನು ನೋಡದೆ ಬರುವುದು ತಪ್ಪು. ಆದರೆ ಹಗಲಿನ ಬೆಳಕಿನಲ್ಲಿ ನೋಡಬೇಕು, ತಿಳಿದವರೊಬ್ಬರು ಜೊತೆಗಿರಬೇಕು. 1896ರಿಂದ 1906ರವರೆಗೆ ಕಟ್ಟಿದ ಜೈಲು ಅದು. ನಡುವೆ ಒಂದು ಗೋಪುರ, ಅದರಿಂದ ಚಕ್ರದ ಕಡ್ಡಿಗಳಂತೆ ಹೊರಟ ಏಳು ಸಾಲುಗಳು, ಮೂರು ಅಂತಸ್ತು, ಒಟ್ಟು 693 ಕೋಣೆಗಳು. ಒಂದು ಕೋಣೆಗೆ ಒಬ್ಬನೇ ಕೈದಿ. ಒಂದು ಸಾಲಿನ ಮುಂಭಾಗ ಇನ್ನೊಂದು ಸಾಲಿನ ಬೆನ್ನಿಗೆ ಎದುರಾಗುವಂತೆ ಕಟ್ಟಿದ್ದರು. ಸರಳಿನ ಹಿಂದೆ ನಿಂತವನಿಗೆ ಎದುರಿನ ಗೋಡೆಯಲ್ಲದೆ ಇನ್ನೊಬ್ಬ ಮನುಷ್ಯನ ಮುಖ ಕಾಣಬಾರದೆಂಬುದೇ ಉದ್ದೇಶ. ಏಳರಲ್ಲಿ ಈಗ ಉಳಿದಿರುವುದು ಮೂರು.

ತಮ್ಮ: ಮಕ್ಕಳಿಗೆ ಇದನ್ನು ಹೇಗೆ ಹೇಳುವುದು?

ಅಕ್ಕ: ಅಳತೆಯಿಂದ ಹೇಳಬಹುದು. ಕೋಣೆಯ ಉದ್ದ 13.5 ಅಡಿ, ಅಗಲ 7.5 ಅಡಿ. ಮಕ್ಕಳು ಒಳಗೆ ಹೋಗಿ ಹೆಜ್ಜೆ ಹಾಕಿ ಎಣಿಸಲಿ. ಕಿಟಕಿ ಯಾಕಿಷ್ಟು ಮೇಲಿದೆ ಎಂದು ಅವರೇ ಕೇಳುತ್ತಾರೆ. ಅಂಗಳದಲ್ಲಿ ಗಾಣದ ಮಾದರಿಯನ್ನು ಇಟ್ಟಿದ್ದಾರೆ. ಎತ್ತು ತಿರುಗುವ ಜಾಗದಲ್ಲಿ ಮನುಷ್ಯರನ್ನು ಕಟ್ಟಿ ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ತೆಗೆಸುತ್ತಿದ್ದರು ಎಂದರೆ ಮಕ್ಕಳಿಗೆ ವಿವರಣೆ ಬೇಕಾಗುವುದಿಲ್ಲ. ಹತ್ತು ದಾಟಿದವರಿಗೆ 1933ರ ಉಪವಾಸದ ಕತೆಯನ್ನೂ ಹೇಳಬಹುದು. ಮನುಷ್ಯರಂತೆ ನಡೆಸಿಕೊಳ್ಳಿ ಎಂದು ಅನ್ನ ಬಿಟ್ಟ ಕೈದಿಗಳಿಗೆ ಬಲವಂತವಾಗಿ ಹಾಲು ಹುಯ್ಯುವಾಗ ಮಹಾವೀರ್ ಸಿಂಗ್, ಮೋಹನ್ ಕಿಶೋರ್ ನಾಮದಾಸ್, ಮೋಹಿತ್ ಮೈತ್ರ ತೀರಿಕೊಂಡರು. ಆ ದಿನ ಸಂಜೆಗೆ ಬೇರೆ ಏನನ್ನೂ ಇಟ್ಟುಕೊಳ್ಳದಿರುವುದು ಒಳ್ಳೆಯದು. ಅಲ್ಲಿಂದ ಬಂದ ಮೇಲೆ ಮಕ್ಕಳು ಒಂದಷ್ಟು ಹೊತ್ತು ಪ್ರಶ್ನೆ ಕೇಳುತ್ತಲೇ ಇರುತ್ತಾರೆ, ಅದಕ್ಕೆ ಜಾಗ ಬೇಕು.

ತಮ್ಮ: ಮಾರನೆಯ ಬೆಳಗ್ಗೆ ಫೆರ್ರಿ.

ಅಕ್ಕ: ಸರ್ಕಾರದ್ದೂ ಇದೆ, ಖಾಸಗಿಯವರ ವೇಗದ ಬೋಟುಗಳೂ ಇವೆ. ಸ್ವರಾಜ್ ದ್ವೀಪಕ್ಕೆ ಒಂದೂವರೆಯಿಂದ ಎರಡೂವರೆ ಗಂಟೆ. ಹನ್ನೆರಡು ಮಂದಿಯ ಹೆಸರು, ಗುರುತಿನ ಚೀಟಿಯ ಸಂಖ್ಯೆ ಒಬ್ಬರ ಬಳಿ ಒಂದೇ ಕಡೆ ಬರೆದಿರಲಿ. ಮೂಲ ಚೀಟಿ ಅವರವರ ಕೈಯಲ್ಲಿರಲಿ. ತಲೆಸುತ್ತುವವರು ಹೊಟ್ಟೆ ಬಿರಿಯುವಂತೆ ತಿನ್ನಬಾರದು, ಬರಿಹೊಟ್ಟೆಯಲ್ಲೂ ಇರಬಾರದು. ಬೋಟು ಕಡಿಮೆ ತೂಗುವುದು ಕೆಳ ಅಂತಸ್ತಿನ ನಡುಭಾಗದಲ್ಲಿ, ಅಜ್ಜಿಯನ್ನು ಅಲ್ಲಿ ಕೂರಿಸಬೇಕು. ಮಾತ್ರೆ ನುಂಗುವುದಾದರೆ ಹೊರಡುವ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ತಮ್ಮ: ದ್ವೀಪ ಹೇಗಿದೆ?

ಅಕ್ಕ: ಬಹುಭಾಗ ಕಾಡು. ಅಂಚಿನಲ್ಲಿ ಅಡಿಕೆ, ತೆಂಗು, ಬಾಳೆ, ಗದ್ದೆ. ಮಲೆನಾಡು, ಕರಾವಳಿಯಿಂದ ಹೋದವರಿಗೆ ಎಲ್ಲೋ ಕಂಡ ಊರೇ ಅನ್ನಿಸುತ್ತದೆ. ಮಾತು ಮಾತ್ರ ಬಂಗಾಳಿ. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದವರನ್ನು 1950ರ ದಶಕದಲ್ಲಿ ಸರ್ಕಾರ ಇಲ್ಲಿ ನೆಲೆಗೊಳಿಸಿತು. ಕಾಡು ಕಡಿದು, ಗದ್ದೆ ಮಾಡಿ, ತಮ್ಮ ದೇವರ ಹೆಸರುಗಳನ್ನೇ ಊರುಗಳಿಗೆ ಇಟ್ಟರು: ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ. ಪ್ರವಾಸಿಗರ ನಕ್ಷೆಯಲ್ಲಿ ಇವು ಮೂರನೇ ನಂಬರ್ ಬೀಚು, ಏಳನೇ ನಂಬರ್ ಬೀಚು ಎಂದಾಗಿವೆ. ನಂಬರ್ ಹೇಳುವ ಬದಲು ಊರಿನ ಹೆಸರು ಹೇಳುವುದು ಚೆನ್ನ. ಆ ಜನ ಕಳೆದುಕೊಂಡ ಊರುಗಳ ಬದಲಿಗೆ ಕಟ್ಟಿಕೊಂಡ ಊರುಗಳು ಅವು.

ತಮ್ಮ: ಏಳನೇ ನಂಬರ್ ಅಂದರೆ ಏಷ್ಯಾದ ಅತ್ಯುತ್ತಮ ಕಡಲತೀರ ಎನ್ನುತ್ತಾರಲ್ಲ, ಅದೇ?

ಅಕ್ಕ: ಅದೇ, ರಾಧಾನಗರ. 2004ರಲ್ಲಿ ಟೈಮ್ ಪತ್ರಿಕೆ ಹಾಗೆ ಕರೆಯಿತು. 2020ರಲ್ಲಿ ಸ್ವಚ್ಛತೆ, ಸುರಕ್ಷತೆಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯೂ ಸಿಕ್ಕಿತು. ಜೆಟ್ಟಿಯಿಂದ ಹನ್ನೆರಡು ಕಿಲೋಮೀಟರ್. ಪಶ್ಚಿಮಕ್ಕೆ ಮುಖ ಮಾಡಿದ ದಡವಾದ್ದರಿಂದ ಸೂರ್ಯಾಸ್ತದ ಜಾಗ. ಹಿಂದೆ ದಟ್ಟ ಕಾಡು, ಮುಂದೆ ಮಟ್ಟಸವಾದ ಬಿಳಿ ಮರಳು, ಸೊಂಟದವರೆಗಿನ ನೀರಿನಲ್ಲೂ ಪಾದ ಕಾಣುತ್ತದೆ. ಪೂರ್ವಕ್ಕಿರುವ ಕಾಲಾಪತ್ಥರ್ ಸೂರ್ಯೋದಯಕ್ಕೆ. ಎಲಿಫೆಂಟ್ ಬೀಚಿಗೆ ಬೋಟಿನಲ್ಲಿ ಹೋಗಬೇಕು, ಇಲ್ಲವೇ ಕಾಡಿನ ದಾರಿಯಲ್ಲಿ ನಡೆಯಬೇಕು. ಅಲ್ಲಿ ಬುಡಮೇಲಾಗಿ ಬಿದ್ದ ದೊಡ್ಡ ಮರಗಳು 2004ರ ಡಿಸೆಂಬರ್ 26ರ ಸುನಾಮಿಯ ಗುರುತು. ಹೆಸರಿನ ಆನೆ ಕಲ್ಪನೆಯಲ್ಲ. ಮರ ಎಳೆಯಲು ಆನೆಗಳನ್ನು ಈ ದ್ವೀಪಗಳಿಗೆ ತರುತ್ತಿದ್ದರು, ಅವು ಕಡಲಿನಲ್ಲಿ ಈಜಲು ಕಲಿತಿದ್ದವು. ಅವುಗಳಲ್ಲಿ ಕೊನೆಯವನೆಂದು ಪ್ರಸಿದ್ಧನಾದ ರಾಜನ್ ಎಂಬ ಆನೆ 2016ರಲ್ಲಿ ಸ್ವರಾಜ್ ದ್ವೀಪದಲ್ಲೇ ಸತ್ತಿತು. ಮಕ್ಕಳಿಗೆ ಹೇಳಲೇಬೇಕಾದ ಕತೆ ಅದು.

ತಮ್ಮ: ಹನ್ನೆರಡು ಮಂದಿಯೂ ಎಲ್ಲ ಕಡೆಗೂ ಒಟ್ಟಿಗೇ ಹೋಗಬೇಕೆಂಬುದು ಗೆಳೆಯರ ಆಸೆ.

ಅಕ್ಕ: ಆಸೆ ಒಳ್ಳೆಯದೇ. ಆದರೆ ಸ್ನೇಹಿತರ ಸಂಸಾರಗಳು ಪ್ರವಾಸದಲ್ಲಿ ಮನಸ್ಸು ಕೆಡಿಸಿಕೊಳ್ಳುವುದು ಈ ಒಂದು ಹಟದಿಂದಲೇ. ಒಬ್ಬರ ಮಗುವಿಗೆ ಮಧ್ಯಾಹ್ನದ ನಿದ್ದೆ ಬೇಕು, ಇನ್ನೊಬ್ಬರ ಮಗನಿಗೆ ನೀರು ಬಿಟ್ಟು ಬರಲು ಮನಸ್ಸಿಲ್ಲ, ಅಜ್ಜಿಗೆ ಬಿಸಿಲು ಆಗದು, ಒಬ್ಬರಿಗೆ ಮೀನಿಲ್ಲದೆ ಊಟವಿಲ್ಲ, ಒಬ್ಬರಿಗೆ ಮೀನಿನ ವಾಸನೆಯೇ ಆಗದು. ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಎಲ್ಲರೂ ಕಾಯುತ್ತಲೇ ಇರುತ್ತಾರೆ. ಬೆಳಗಿನ ಹೊತ್ತು ಅವರವರ ಇಷ್ಟಕ್ಕೆ ಬಿಟ್ಟು, ಸಂಜೆ ನಾಲ್ಕಕ್ಕೆ ರಾಧಾನಗರದ ಮರಳಿನ ಮೇಲೆ ಎಲ್ಲರೂ ಸೇರುವುದೆಂದು ಮಾಡಿಕೊಂಡರೆ ಸಾಕು. ಆ ಒಂದೂವರೆ ಗಂಟೆಗೆ, ಆಮೇಲಿನ ರಾತ್ರಿಯೂಟಕ್ಕೆ, ದಿನವಿಡೀ ಜೊತೆಗಿದ್ದದ್ದಕ್ಕಿಂತ ಹೆಚ್ಚು ಸೊಗಸು ಬರುತ್ತದೆ. ಎಲ್ಲರ ಬಳಿಯೂ ಹೇಳಲು ಬೇರೆ ಬೇರೆ ಸುದ್ದಿ ಇರುತ್ತದೆ.

ತಮ್ಮ: ಖರ್ಚಿನ ವಿಷಯ?

ಅಕ್ಕ: ಹೊರಡುವ ಮೊದಲೇ ಮೂರು ಮನೆಯವರೂ ಸಮನಾಗಿ ಹಾಕಿದ ಒಂದು ಹುಂಡಿ ಇರಲಿ, ಲೆಕ್ಕ ಒಬ್ಬರ ಕೈಯಲ್ಲಿರಲಿ. ಆಟೋ, ಬೋಟು, ಎಲ್ಲರೂ ಸೇರಿದ ಊಟ ಅದರಿಂದ; ಸ್ಕೂಬಾ, ಅಂಗಡಿಯ ಸಾಮಾನು ಅವರವರದು. ಊಟದ ತೊಂದರೆಯಿಲ್ಲ. ಅನ್ನ, ಬೇಳೆ, ಪಲ್ಯ ಎಲ್ಲ ಕಡೆ ಸಿಗುತ್ತದೆ. ಮೀನು ತಿನ್ನುವವರಿಗೆ ಸಾಸಿವೆ ಅರೆದು ಮಾಡುವ ಬಂಗಾಳಿ ಸಾರಿನಲ್ಲಿ ಅಂಜಲ್ ಸಿಕ್ಕರೆ ಬೇರೇನೂ ಬೇಡ.

ತಮ್ಮ: ಶಹೀದ್ ದ್ವೀಪಕ್ಕೂ ಹೋಗಬೇಕೇ, ಅಥವಾ ಒಂದೇ ಕಡೆ ಇರುವುದು ಮೇಲೇ?

ಅಕ್ಕ: ಎರಡು ರಾತ್ರಿಯಾದರೂ ಇರುವುದಾದರೆ ಹೋಗಬೇಕು, ಬೆಳಗ್ಗೆ ಹೋಗಿ ಸಂಜೆ ಬರುವುದಾದರೆ ಬೇಡ. ಅಲ್ಲಿನ ಊರುಗಳಿಗೆ ರಾಮಾಯಣದ ಹೆಸರು: ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ. ತರಕಾರಿ ಬೆಳೆಯುವ ಸಣ್ಣ, ಮಟ್ಟಸ ದ್ವೀಪ. ಮಕ್ಕಳು ಸೈಕಲ್ಲಿನಲ್ಲಿ ಸುತ್ತಬಹುದು. ಎಲ್ಲರೂ ನೋಡಲು ಹೋಗುವುದು ಲಕ್ಷ್ಮಣಪುರದ ಕಡಲಂಚಿನಲ್ಲಿ ಅಲೆ ಕೊರೆದು ಮಾಡಿದ ಕಲ್ಲಿನ ಸೇತುವೆಯನ್ನು. ಬಂಗಾಳಿಗಳು ಪ್ರೀತಿಯಿಂದ ಅದನ್ನು ಹೌರಾ ಬ್ರಿಜ್ ಎನ್ನುತ್ತಾರೆ. ಉಬ್ಬರದಲ್ಲಿ ಹೋದರೆ ಅಲ್ಲಿ ನೀರಲ್ಲದೆ ನೋಡಲು ಬಹಳವಿಲ್ಲ. ಇಳಿತದಲ್ಲಿ ಹೋದರೆ ಬಂಡೆಯ ಹಾಸು ತೆರೆದುಕೊಳ್ಳುತ್ತದೆ, ಗುಂಡಿಗಳಲ್ಲಿ ನಿಂತ ನೀರಿನಲ್ಲಿ ಏಡಿ, ಕಡಲ ಸೌತೆ, ಬಣ್ಣದ ಪುಟ್ಟ ಮೀನು, ಜೀವಂತ ಹವಳ ಮೊಣಕಾಲೆತ್ತರದಲ್ಲೇ ಕಾಣುತ್ತವೆ. ನೀರಿಗೆ ಇಳಿಯದ ಅಜ್ಜಿಯೂ ದಡದ ಕಡೆಯ ಗುಂಡಿಗಳಲ್ಲಿ ಇಣುಕಿ ನೋಡಬಹುದು.

ತಮ್ಮ: ಇಳಿತದ ಹೊತ್ತು ತಿಳಿಯುವುದು ಹೇಗೆ?

ಅಕ್ಕ: ಕುಂದಾಪುರ, ಕಾರವಾರದ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರನೂ ತನ್ನ ದಾರಿಯಲ್ಲಿ ಮುಂದೆ ಸರಿದಿರುತ್ತಾನೆ, ಅವನನ್ನು ಮತ್ತೆ ಎದುರುಗೊಳ್ಳಲು ಭೂಮಿಗೆ ಇನ್ನೂ 50 ನಿಮಿಷ ಬೇಕು. ಹೀಗಾಗಿ ಇಂದು ಬೆಳಗ್ಗೆ ಏಳಕ್ಕೆ ಇಳಿತವಾದರೆ ನಾಳೆ ಎಂಟು ಗಂಟೆಗೆ ಹತ್ತು ನಿಮಿಷ ಇರುವಾಗ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಕಡಿಮೆ. ಟಿಕೆಟ್ ಮಾಡಿಸುವ ಮೊದಲು ಪಂಚಾಂಗ ನೋಡುವುದು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಇಳಿತದ ಪಟ್ಟಿಯನ್ನು ಉಳಿದುಕೊಂಡ ಹೋಟೆಲಿನವರು, ಡೈವಿಂಗ್ ಕಲಿಸುವವರು ಹೇಳುತ್ತಾರೆ. ಬರಿಗಾಲಲ್ಲಿ ಮಾತ್ರ ಬಂಡೆಗೆ ಇಳಿಯಬಾರದು. ಸತ್ತ ಹವಳ ಗಾಜಿನಷ್ಟೇ ಹರಿತ.

ತಮ್ಮ: ಮಕ್ಕಳಿಗೆ ಸ್ಕೂಬಾ ಮಾಡಬೇಕೆಂಬ ಆಸೆ ಇದೆ.

ಅಕ್ಕ: ಹತ್ತು ವರ್ಷ ತುಂಬಿರಬೇಕು. ಆಸ್ತಮಾ, ಹೃದಯದ ತೊಂದರೆ, ಕಿವಿಯ ಸೋಂಕು ಇದ್ದವರು ಅರ್ಜಿಯಲ್ಲಿ ಅದನ್ನು ಮುಚ್ಚಿಡದೆ ಬರೆಯಬೇಕು. ಮೊದಲ ಸಲ ಇಳಿಯುವವರನ್ನು 12 ಮೀಟರಿಗಿಂತ ಆಳಕ್ಕೆ ಒಯ್ಯುವಂತಿಲ್ಲ. ಕೆಳಗೆ ಹೋದಂತೆ ಕಿವಿಯ ಮೇಲೆ ಒತ್ತಡ ಬೀಳುತ್ತದೆ, ಮೂಗು ಹಿಡಿದು ಮೆಲ್ಲಗೆ ಊದಿ ಅದನ್ನು ಸರಿದೂಗಿಸುವುದನ್ನು ದಡದಲ್ಲೇ ಅಭ್ಯಾಸ ಮಾಡಿಸುತ್ತಾರೆ. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ನಿಧಾನವಾಗಿ ಹೊರಬರಬೇಕಾದ್ದರಿಂದ ಸ್ಕೂಬಾ ಮುಗಿಸಿ 18 ಗಂಟೆಯಾದರೂ ವಿಮಾನ ಹತ್ತಬಾರದು. ಆದ್ದರಿಂದ ಸ್ಕೂಬಾ ಪ್ರವಾಸದ ನಡುವೆ ಬರಲಿ, ಕೊನೆಗಲ್ಲ. ಹತ್ತಕ್ಕಿಂತ ಚಿಕ್ಕವರಿಗೆ ಸ್ನಾರ್ಕೆಲಿಂಗ್ ಇದೆ. ಲೈಫ್ ಜಾಕೆಟ್ ಹಾಕಿ, ಕನ್ನಡಕ ಕಟ್ಟಿ, ಮುಖ ನೀರಿಗಿಟ್ಟು ತೇಲುವುದು. ಅಜ್ಜಿಗೆ ಗಾಜಿನ ತಳದ ಬೋಟು.

ತಮ್ಮ: ಹವಳ ಹಾಳಾಗಿದೆ, ಮೊದಲಿನಂತಿಲ್ಲ ಎಂದು ಕೇಳಿದ್ದುಂಟು.

ಅಕ್ಕ: ಅದು ನಿಜ, ನೋವಿನ ಸಂಗತಿ. ಹವಳ ಕಲ್ಲಲ್ಲ, ಗಿಡವಲ್ಲ, ಲಕ್ಷಗಟ್ಟಲೆ ಸಣ್ಣ ಪ್ರಾಣಿಗಳ ವಸಾಹತು. ಅವುಗಳ ಮೈಯೊಳಗೆ ಇರುವ ಪಾಚಿಯೇ ಅವಕ್ಕೆ ಬಣ್ಣವನ್ನೂ ಆಹಾರವನ್ನೂ ಕೊಡುವುದು. ಕಡಲು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಪಾಚಿ ಹೊರಹೋಗಿ ಹವಳ ಬೆಳ್ಳಗೆ ಬಿಳಿಚುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಅಂಡಮಾನಿನಲ್ಲಿ 1998, 2010, 2016ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. ಗುಂಡುಗುಂಡಾಗಿ ಬೆಳೆಯುವ ಜಾತಿಯ ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು. ಫೋಟೋಗಾಗಿ ಅದರ ಮೇಲೆ ನಿಲ್ಲುವವನ ಒಂದು ಹೆಜ್ಜೆಗೆ ಹತ್ತಾರು ವರ್ಷದ ಬೆಳವಣಿಗೆ ಮುರಿದು ಹೋಗುತ್ತದೆ. ನೀರಿಗೆ ಇಳಿಯುವ ಮೊದಲು ಹನ್ನೆರಡೂ ಮಂದಿಗೆ ಇದನ್ನು ಹೇಳಿರಬೇಕು.

ತಮ್ಮ: ನೀರಿನಲ್ಲಿ ಅಪಾಯ?

ಅಕ್ಕ: ಇದೆ. ಉಪ್ಪುನೀರಿನ ಮೊಸಳೆಗಳು ಈ ದ್ವೀಪಗಳ ಮೂಲನಿವಾಸಿಗಳು. ಕಾಂಡ್ಲಾ ಗಿಡಗಳ ನಡುವೆ, ಹೊಳೆ ಕಡಲಿಗೆ ಸೇರುವ ಬಾಯಿಯಲ್ಲಿ ಇರುತ್ತವೆ. 2010ರಲ್ಲಿ ರಾಧಾನಗರದ ಬಳಿಯೇ ಒಬ್ಬ ಪ್ರವಾಸಿ ಬಲಿಯಾದರು. ಈಜಲೆಂದು ಗುರುತಿಸಿದ ಜಾಗ ಬಿಟ್ಟು ಆಚೆ ಹೋಗಬಾರದು, ಕತ್ತಲಾದ ಮೇಲೆ ನೀರಿಗೆ ಇಳಿಯಬಾರದು, ಸಿಳ್ಳೆ ಹಾಕುವ ಜೀವರಕ್ಷಕನ ಜೊತೆ ವಾದಿಸಬಾರದು. ಮೂರು ಮನೆಯ ಮಕ್ಕಳು ಸೇರಿದಾಗ ಇನ್ನೊಂದು ಅಪಾಯ ಹುಟ್ಟುತ್ತದೆ: ಆರು ಮಂದಿ ದೊಡ್ಡವರಿದ್ದಾರೆ, ಯಾರಾದರೂ ನೋಡುತ್ತಿರುತ್ತಾರೆ ಎಂದು ಆರು ಮಂದಿಯೂ ನಂಬಿಕೊಳ್ಳುವುದು. ಅರ್ಧ ಗಂಟೆಗೆ ಇಬ್ಬರಂತೆ ಸರದಿ ಹಾಕಿಕೊಳ್ಳಲಿ. ಸರದಿಯಲ್ಲಿರುವವರ ಕೈಯಲ್ಲಿ ಫೋನ್ ಇರಬಾರದು.

ತಮ್ಮ: ಬಾರಾಟಾಂಗಿನ ಸುಣ್ಣದಕಲ್ಲಿನ ಗುಹೆ ನೋಡಿ ಬನ್ನಿ, ದಾರಿಯಲ್ಲಿ ಜರಾವಾ ಜನರೂ ಕಾಣಸಿಗುತ್ತಾರೆ ಎಂದು ಯಾರೋ ಹೇಳಿದರು.

ಅಕ್ಕ: ಆ ಎರಡನೆಯ ಮಾತು ಆಡಬಾರದ ಮಾತು. ಸಾವಿರಾರು ವರ್ಷಗಳಿಂದ ಆ ಕಾಡಿನಲ್ಲಿ ಬದುಕಿದವರು ಜರಾವಾ. ಈಗಿರುವುದು ಕೆಲವೇ ನೂರು ಮಂದಿ. ಹೊರಗಿನವರೊಡನೆ ಅವರು ಹಗೆಯಿಲ್ಲದೆ ಬೆರೆಯತೊಡಗಿದ್ದೇ 1990ರ ದಶಕದ ಕೊನೆಯಲ್ಲಿ. ಸ್ವಲ್ಪ ಸಮಯದಲ್ಲೇ ದಡಾರ ಹರಡಿತು. ನಮಗೆ ಸಾಮಾನ್ಯವಾದ ಸೋಂಕನ್ನು ತಡೆಯುವ ಶಕ್ತಿ ಅವರ ಮೈಗಿಲ್ಲ. ಅವರ ನೆಲವನ್ನು ಸೀಳಿಕೊಂಡು ಹೋಗುವ ಅಂಡಮಾನ್ ಟ್ರಂಕ್ ರಸ್ತೆಯನ್ನು ಆ ಭಾಗದಲ್ಲಿ ಮುಚ್ಚಲು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಇಂದಿಗೂ ಜಿರ್ಕಾಟಾಂಗಿನಿಂದ ಪೊಲೀಸ್ ಕಾವಲಿನಲ್ಲಿ ವಾಹನಗಳ ಸಾಲು ಹೊರಡುತ್ತದೆ. ದಾರಿಯಲ್ಲಿ ನಿಲ್ಲಿಸುವುದು, ಫೋಟೋ ತೆಗೆಯುವುದು, ತಿಂಡಿ ಎಸೆಯುವುದು ಎಲ್ಲವೂ ಅಪರಾಧ. ಗುಹೆ ನೋಡಲೇಬೇಕೆನ್ನುವವರು ಕಡಲ ದಾರಿಯ ಬೋಟು ಇದೆಯೇ ಎಂದು ವಿಚಾರಿಸಲಿ. ಸಿಗದಿದ್ದರೆ ಗುಹೆಯನ್ನು ಬಿಡಲಿ. ಮೃಗಾಲಯಕ್ಕೆ ಹೊರಟಂತೆ ಮನುಷ್ಯರನ್ನು ನೋಡಲು ಮಕ್ಕಳನ್ನು ಕರೆದೊಯ್ಯಬಾರದು.

ತಮ್ಮ: ಬಿಟ್ಟೆವು. ಕೊನೆಯ ದಿನ?

ಅಕ್ಕ: ಶ್ರೀ ವಿಜಯಪುರಕ್ಕೆ ಮರಳಿ, ಹೊತ್ತಿದ್ದರೆ ಎದುರಿನ ಪುಟ್ಟ ರಾಸ್ ದ್ವೀಪವನ್ನು ನೋಡಬಹುದು. ಈಗ ಅದು ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಬ್ರಿಟಿಷರ ಆಡಳಿತ ಅಲ್ಲಿಂದ ನಡೆಯುತ್ತಿತ್ತು, 1941ರ ಭೂಕಂಪದ ಬಳಿಕ ಬಿಟ್ಟುಹೋದರು. ಅವರ ಇಗರ್ಜಿ, ಮನೆಗಳ ಗೋಡೆಗಳನ್ನು ಈಗ ಆಲದ ಜಾತಿಯ ಬೇರುಗಳು ಅಪ್ಪಿ ಹಿಡಿದಿವೆ, ಜಿಂಕೆಗಳು ಓಡಾಡಿಕೊಂಡಿವೆ. ಚೀಲ ಕಟ್ಟುವಾಗ ಮಾತ್ರ ಮಕ್ಕಳ ಜೇಬುಗಳನ್ನು ನೋಡಬೇಕು.

ತಮ್ಮ: ಜೇಬಿನಲ್ಲಿ ಏನು?

ಅಕ್ಕ: ಚಿಪ್ಪು, ಹವಳದ ಚೂರು. ಕಡಲತೀರದಿಂದ ಅವನ್ನು ಹೆಕ್ಕಿ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಚೀಲ ತೆರೆಸಿ ತೆಗೆದಿಡುತ್ತಾರೆ. ಅಲ್ಲಿ ಕಳೆದುಕೊಂಡು ಅಳುವುದಕ್ಕಿಂತ ಮೊದಲ ದಿನವೇ ಮಕ್ಕಳಿಗೆ ತಿಳಿಸಿದರೆ ಒಳ್ಳೆಯದು. ಸಂಜೆ ಮರಳಿನ ಮೇಲೆ ಖಾಲಿ ಚಿಪ್ಪೊಂದನ್ನು ತೋರಿಸಿ, ಹತ್ತಿರ ಕೂತು ಸುಮ್ಮನೆ ಕಾಯಲು ಹೇಳಿ. ಅದರ ಆಸುಪಾಸಿನಲ್ಲಿ ಯಾವುದಾದರೊಂದು ಚಿಪ್ಪು ತಾನಾಗಿ ನಡೆಯತೊಡಗುತ್ತದೆ. ಒಳಗಿರುವುದು ಸನ್ಯಾಸಿ ಏಡಿ. ಅದಕ್ಕೆ ಸ್ವಂತ ಚಿಪ್ಪಿಲ್ಲ. ಬೆಳೆದಂತೆಲ್ಲ ದಡದಲ್ಲಿ ಬಿದ್ದ ಇನ್ನೂ ದೊಡ್ಡದೊಂದನ್ನು ಹುಡುಕಿ, ಹಳೆಯದನ್ನು ಬಿಟ್ಟು ಅದರೊಳಗೆ ಸೇರಿಕೊಳ್ಳುತ್ತದೆ. ನಾವು ಖಾಲಿ ಎಂದು ಹೆಕ್ಕುವ ಚಿಪ್ಪು ಅದರ ಮುಂದಿನ ಮನೆ.